ಸಂಪದಾಳ ಖಾಲಿ ಚೌಕ

ಜಹೀರಾಬಾದ್
೨೦ ಜನವರಿ ೨೦೨೫

ನಮ್ಮ ಮನೆಯ ಏಕೈಕ ಸಂಪತ್ತಾದ ಸಂಪದಾಳಿಗೆ, ಎರಡೂ ಕೆನ್ನೆ ಹಿಂಡಿ ಅಜ್ಜಿ ಮಾಡುವ ಆಶೀರ್ವಾದ.

ಹೇಗಿದ್ದೀಯೇ? ನಿನ್ನ ಸೋದರತ್ತೆ ಹೊಟ್ಟೆ ತುಂಬ ಊಟಕ್ಕೆ ಹಾಕುತ್ತಾಳೋ, ಅಥವಾ ತಾನು ಹಿಡಿದ ಉಪವಾಸಗಳನ್ನೆಲ್ಲ ನಿನಗೂ ಹಿಡಿಸಿದ್ದಾಳೋ? ಕಾಲಿನ ಉಳುಕು ಇಳಿಯಿತೇ? ನನ್ನ ಆರೋಗ್ಯ ಕೇಳಬೇಡ. ಊರಿನ ಕಬ್ಬೆಲ್ಲ ಟ್ರಾಕ್ಟರ್ ಹತ್ತಿ ಕಾರ್ಖಾನೆಗೆ ಹೋಗುತ್ತದೆ, ಸಕ್ಕರೆ ಮಾತ್ರ ನೇರವಾಗಿ ನನ್ನ ರಕ್ತಕ್ಕೆ ಬರುತ್ತದೆ. ದಿನಾ ಸಂಜೆ ನಡೆಯಲು ಡಾಕ್ಟರು ಹೇಳಿದ್ದಾರೆ. ನಿಮ್ಮ ಖೋ-ಖೋ ಮೈದಾನದವರೆಗೆ ನಡೆದು ಅಲ್ಲಿನ ಮೆಟ್ಟಿಲ ಮೇಲೆ ಕೂತುಬಿಡುತ್ತೇನೆ. ಕೂಡುವುದನ್ನು ಅವರು ಬೇಡವೆಂದಿಲ್ಲವಲ್ಲ. ನೀನು ಫೋನ್ ಎತ್ತುವುದಿಲ್ಲ. ನಾನು ಉದ್ದುದ್ದ ಮೆಸೇಜು ಹಾಕಿದರೆ ಒಂದು ಹೆಬ್ಬೆರಳಿನ ಚಿತ್ರ ಕಳಿಸುತ್ತೀ. ಗುಲಬರ್ಗಾದಲ್ಲಿ ಬಿ.ಎ. ಮಾಡಿದ ಅಜ್ಜಿಗೆ ಹೆಬ್ಬೆಟ್ಟಿನ ಮೊಮ್ಮಗಳು! ಅದಕ್ಕೇ ಈ ಪತ್ರ.

ನಿಮ್ಮ ತಂಡದ ಶಿಬಿರದಲ್ಲಿ ನಡೆದದ್ದು ನಿನಗೇ ಗೊತ್ತು. ಆ ಕಾರ್ಯದರ್ಶಿ ಆನಂದಕುಮಾರ ಎಲ್ಲರೆದುರು, “ಜನ ಅನ್ನೋದು ಖರೆ ಏನು? ನಿನಗ ಹುಡುಗ್ಯಾರ ಮ್ಯಾಲೇ ಮನಸೇನು?” ಎಂದು ಕೇಳಿದ. ನೀನು “ಖರೆ ಅದರಿ” ಎಂದು ಎರಡು ಶಬ್ದದಲ್ಲಿ ಮುಗಿಸಿದೆ. “ಇಂಥಾಕಿ ಜೋಡಿ ಉಳದವ್ರು ಒಂದೇ ಖೋಲಿಯಾಗ ಹ್ಯಾಂಗ ಮಲಗಬೇಕು?” ಎಂದು ಖೋ-ಖೋ ಸಮಿತಿ ತಂಡದ ಪಟ್ಟಿಯಿಂದ ನಿನ್ನ ಹೆಸರು ಹೊಡೆದುಹಾಕಿತು. ಸಮಿತಿ ಎಂಬ ಶಬ್ದದೊಳಗೇ ಮಿತಿ ಇದೆ, ಅವರನ್ನು ದೂರಿ ಏನು ಫಲ! ನೀನು ನನಗೆ ಇದನ್ನು ಹಿಂದೆಯೇ ಹೇಳಿದ್ದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: “ಯಾರನ್ನರ ಕರಕೊಂಡು ಬಾ, ಆಕಿಗಿ ಅಡಗಿ ಬರ್ತದೇನು?” ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ, ಅದೇ ನನ್ನ ಚಿಂತೆ. ಹೆಸರು ಹೊಡೆದ ಮರುದಿನವೇ ನೀನು ಸೊಲ್ಲಾಪುರದ ಬಸ್ಸು ಹತ್ತಿದೆ. ಆಮೇಲಿನದು ನಿನಗೆ ತಿಳಿದಿಲ್ಲ.

ಅಂದು ಸಂಜೆ ಕೋಚ್ ಭೀಮೇಶ ನಿನ್ನ ಚೌಕದಲ್ಲಿ ಬೇರೊಬ್ಬಳನ್ನು ಕೂಡಿಸಲು ಹೋದ. ಆಕೆ ಬಗ್ಗಿ ನೋಡಿ, “ಸರ್, ಇಲ್ಲಿ ಕುಂತಾರ್ರಿ” ಎಂದು ಹಿಂದೆ ಸರಿದಳು. ಹುಡುಗಿಯರ ಮುನಿಸು ಎಂದುಕೊಂಡು ಭೀಮೇಶ ಒಬ್ಬಳು ಕಡಿಮೆಯಿದ್ದರೂ ಆಡಿಸಿದ. ನಿನಗೆ ಆಟ ಕಲಿಸಲು ಹೊರಟಿಲ್ಲ, ಮೆಟ್ಟಿಲ ಮೇಲಿನವಳಿಗೆ ತಿಳಿದದ್ದು ಸರಿಯೋ ನೋಡು. ಎಂಟು ಚೌಕಗಳಲ್ಲಿ ಎಂಟು ಜನ ಸಾಲಾಗಿ ಕೂತಿರಬೇಕು, ಒಂಬತ್ತನೆಯವಳು ಎದುರಾಳಿಗಳನ್ನು ಅಟ್ಟಬೇಕು. ಅವಳು ಕೂತವಳೊಬ್ಬಳ ಬೆನ್ನು ಮುಟ್ಟಿ ‘ಖೋ’ ಅಂದರೆ ಆ ಹುಡುಗಿ ಎದ್ದು ಓಡಬೇಕು, ಇವಳು ಆ ಜಾಗದಲ್ಲಿ ಕೂಡಬೇಕು. ಸರಿ ತಾನೆ? ಈಗ ಕೇಳು. ನಾಯಕಿ ಸೌಮ್ಯಶ್ರೀ ಓಡುತ್ತ ಬಂದು ನಿನ್ನ ಖಾಲಿ ಚೌಕದ ಗಾಳಿಯನ್ನು ಮುಟ್ಟಿ ‘ಖೋ’ ಅಂದಳು, ತಾನು ಅಲ್ಲಿ ಕೂತಳು. ಎಂಟೂ ಚೌಕ ತುಂಬಿದವು. ಅಟ್ಟುವವರು ಯಾರೂ ಇಲ್ಲ. ಆದರೂ ಎದುರಿನ ಕಿರಿಯ ಹುಡುಗಿಯರು ಏನನ್ನೋ ತಪ್ಪಿಸಿಕೊಳ್ಳುತ್ತ ಓಡುತ್ತಲೇ ಇದ್ದರು. ಸ್ವಲ್ಪ ಹೊತ್ತಿಗೆ ಸಾಲಿನ ಕೊನೆಯಲ್ಲಿದ್ದವಳು, ಹತ್ತಿರ ಯಾರೂ ಇಲ್ಲದೆ, ಚಟ್ಟನೆ ಎದ್ದು ಓಡಿದಳು. ಈಗ ಅವಳ ಚೌಕ ಖಾಲಿ. ನಿನ್ನ ಜಾಗ ಹೀಗೆ ದಿನಾ ಸಾಲಿನ ತುಂಬ ಅಲೆಯುತ್ತದೆ.

“ಏನವ್ವಾ, ನಾಟಕ ನಡಸೀರೇನು?” ಎಂದು ಸೌಮ್ಯಶ್ರೀಯನ್ನು ಕೇಳಿದೆ. “ಮೊದಲನೇ ದಿನ ನಾಟಕೇ ಇತ್ತರಿ ಅಜ್ಜಿ, ಸಂಪದಾನ ಸಲುವಾಗಿ. ಈಗ ಖರೇನೇ ಯಾರೋ ಬೆನ್ನ ಮುಟ್ಟತಾರ್ರಿ. ಏಳಬೇಕಾಗ್ತದ” ಅಂದಳು. ಅವಳನ್ನು ನಗಿಸಲು ನೋಡಿದೆ, ಆಗಲಿಲ್ಲ. ನನ್ನ ಕೈಲಿ ಆಗದ್ದು ಅಡುಗೆಯೊಂದೇ ಎಂದುಕೊಂಡಿದ್ದೆ.

ಕಳೆದ ವಾರ ನಾರಾಯಣಖೇಡದ ತಂಡ ಸ್ನೇಹಪಂದ್ಯಕ್ಕೆ ಬಂತು. ಅವರಿಗೆ ಈ ಸಂಗತಿ ಗೊತ್ತಿರಲಿಲ್ಲ. ಅವರಲ್ಲಿ ತುಳಜಾ ಎಂಬ ಚುರುಕು ಹುಡುಗಿಯೊಬ್ಬಳು, ನಮ್ಮವರೆಲ್ಲ ಕೂತದ್ದು ಕಂಡು ಅಂಗಳದ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಏನ್ರೆವ್ವಾ, ಪಂಕ್ತಿ ಹಾಕಿ ಕುಂತೀರಿ? ಬಡಸಾಕ ಬರಲೇನು?” ಅಂದಳು. ಬಾಯಿ ನೋಡಿ ನನ್ನ ಮೊಮ್ಮಗಳೇ ಅನ್ನಿಸಿತು. ನಗುತ್ತಿದ್ದ ಹಾಗೆಯೇ ಮುಂದಕ್ಕೆ ಮುಗ್ಗರಿಸಿದಳು. ಹಿಂತಿರುಗಿ ನೋಡಿದಳು, ಯಾರೂ ಇರಲಿಲ್ಲ. ಅಂಪೈರ್ ಸೀಟಿ ಊದಿರಲಿಲ್ಲ. ತಾನೇ ನಡೆದು ಹೊರಗೆ ಬಂದು ನನ್ನ ಪಕ್ಕದಲ್ಲಿ ಕೂತು, “ನಾ ಔಟ್ ಆಗೀನ್ರಿ. ಬೆನ್ನಿಗಿ ಕೈ ಹತ್ತ್ಯಾದ” ಅಂದಳು. ಅವಳ ಬಿಳಿ ಅಂಗಿಯ ಬೆನ್ನ ಮೇಲೆ ಕೆಂಪು ಮಣ್ಣಿನಲ್ಲಿ ಐದು ಬೆರಳು ಮೂಡಿದ್ದವು. ನಾನು ಸೆರಗಿನಿಂದ ಒರೆಸಿದೆ. ಮಣ್ಣು ಒದ್ದೆಯಾಗಿತ್ತು, ಬೆವರಿದ ಅಂಗೈಯಿಂದ ಬಂದ ಹಾಗೆ.

ಅಂದಿನಿಂದ ಊರು ನಿನ್ನನ್ನು ಒಪ್ಪಿಕೊಂಡಿದೆ. ನನ್ನ ಭಯವೇ ಅದು. ಆಟದ ಮೊದಲಿಗೆ ನೀನು ಕೂಡುತ್ತಿದ್ದ ಚೌಕಕ್ಕೆ ಕುಂಕುಮ ಬೀಳುತ್ತಿದೆ, ನಿಂಬೆಹಣ್ಣು ಬರುತ್ತಿವೆ, ತೆಂಗಿನಕಾಯಿ ಒಡೆಯುತ್ತಿದ್ದಾರೆ. “ಬರೋ ತಿಂಗಳ ತಾಂಡೂರಿನ ಪಂದ್ಯಕ್ಕ ಆ ಜಾಗಾ ಖಾಲಿನೇ ಇರ್ಲಿ, ಶಕುನ ಛಲೋ ಅದ. ಅಲ್ಲಿಂದ ಬರಾಗ ತಾಂಡೂರ ಕಲ್ಲು ತಂದು ಒಂದು ದೇವ್ರ ಕಟ್ಟಿ ಕಟ್ಟಸೋಣು” ಎನ್ನುತ್ತಾನೆ ಆನಂದಕುಮಾರ. ಉಸಿರಾಡುವ ಹುಡುಗಿಯ ಜೊತೆ ಒಂದು ಖೋಲಿಯಲ್ಲಿ ಮಲಗಲಾಗದು, ದೆವ್ವದ ಜೊತೆ ಒಂದೇ ಬಸ್ಸಿನಲ್ಲಿ ಹೋಗಬಹುದು. ಟಿಕೀಟಿನ ಖರ್ಚೂ ಇಲ್ಲ ನೋಡು. ಮೊನ್ನೆ ಮೈದಾನದಲ್ಲಿ ಯಾರೋ ನಿನ್ನ ಅಪ್ಪನಿಗೆ ಕೈ ಮುಗಿದು, “ಮಿಲಿಂದರಾವ್, ನಿಮ್ಮ ಮಗಳ ಜಾಗದಾಗ ಭಾಳ ಶಕ್ತಿ ಅದರಿ” ಅಂದರು. ನೀನು ಹೋದಂದಿನಿಂದ ನಿನ್ನ ಹೆಸರೆತ್ತದ ನನ್ನ ಮಗ, “ನನ್ನ ಮಗಳು ಸೊಲ್ಲಾಪುರದಾಗ ಆರಾಮ ಅದಾಳ್ರಿ. ಎರಡು ಹೊತ್ತು ಉಣ್ತಾಳ. ಕಾಯಿ ಒಡದು ಆಕಿನ ಯಾಕ ಸಾಯಸ್ತೀರಿ?” ಎಂದು ಆ ನಿಂಬೆಹಣ್ಣುಗಳನ್ನೆಲ್ಲ ಆರಿಸಿ ಹೊರಗೆಸೆದ.

ಸೌಮ್ಯಶ್ರೀ ಇಡೀ ತಂಡವನ್ನು ಕರೆದುಕೊಂಡು ಆನಂದಕುಮಾರನ ಮನೆಗೇ ಹೋದಳು. “ಸಂಪದಾನ ಹೆಸರು ಬರೀರಿ, ಇಲ್ಲಂದ್ರ ನಾವು ಯಾರೂ ತಾಂಡೂರಿಗಿ ಹೋಗಂಗಿಲ್ಲ. ಆಕಿ ನಮ್ಮ ಖೋಲಿಯಾಗೇ ಮಲಗ್ತಾಳ. ಆಕಿ ಯಾರನ್ನ ಮೆಚ್ಚತಾಳ ಅನ್ನೋದು ಆಕಿ ಮಾತು, ಓಟ ನಮ್ಮೆಲ್ಲರ ಮಾತು” ಅಂದಳು. ಅವನು ತಲೆ ಕೆರೆದುಕೊಂಡು, “ಬರೋ ಐತವಾರ ಆಕಿ ತಾನೇ ಬಂದು ಕುಂತ್ರ ಬರೀತೀನಿ. ಬರಲಿಲ್ಲಂದ್ರ ಕಟ್ಟಿ ಕಟ್ಟಸೂದೇ” ಅಂದ. ಬಂದರೆ ಪಟ್ಟಿ, ಬಾರದಿದ್ದರೆ ಕಟ್ಟಿ. ಒಮ್ಮೆ ಕಲ್ಲು ಕೂತರೆ ಅದರ ಮೇಲೆ ಮನುಷ್ಯರನ್ನು ಕೂಡಗೊಡುವುದಿಲ್ಲ ಈ ಜನ, ನಿನಗೆ ಗೊತ್ತು. ಸೊಲ್ಲಾಪುರದಿಂದ ಹೈದರಾಬಾದಿಗೆ ಬರುವ ಬಸ್ಸುಗಳೆಲ್ಲ ನಮ್ಮೂರ ಮೇಲೆಯೇ ಹಾಯುತ್ತವೆ.

ಅತ್ತೆಗೆ ನನ್ನ ನೆನಪು ಹೇಳು. ನಿನ್ನ ಕಾಲಿಗೆ ಬಲ, ಎದೆಗೆ ದಮ್ಮು, ಬಾಯಿಗೆ ನನ್ನಷ್ಟೇ ಖಾರ ಇರಲಿ.

ನಿನ್ನ ಅಜ್ಜಿ,
ಜಾನಕಿಬಾಯಿ

ತಾ.ಕ.: ಭೀಮೇಶ ಸೊಲ್ಲಾಪುರಕ್ಕೆ ಹೊರಟಿದ್ದಾನೆ, ಪತ್ರ ಅವನ ಕೈಲೇ. ಬಾಗಿಲಲ್ಲಿ ಗಾಡಿ ಚಾಲೂ ಮಾಡಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನೆ ಸಂಜೆ ಹುಡುಗಿಯರು ಬರುವ ಮುಂಚೆ ನಾನೇ ನಿನ್ನ ಚೌಕದಲ್ಲಿ ಕೂತೆ. ಮೊಮ್ಮಗಳ ಜಾಗ, ನನಗೆ ಯಾರ ಹೆದರಿಕೆ! ಯಾರೋ ಓಡಿ ಬಂದದ್ದು ಕೇಳಿತು, ಬೆನ್ನ ಮೇಲೆ ಕೈ ಬಿತ್ತು. ಸಂಪದಾ, ಅದು ನಿನ್ನ ಕೈಯಲ್ಲ. ನಿನ್ನ ಕೈ ಹುಟ್ಟಿದಂದಿನಿಂದ ಹಿಡಿದವಳು ನಾನು. ಆ ಕೈಯಲ್ಲಿ ಗಾಜಿನ ಬಳೆಗಳಿದ್ದವು; ಆಡುವ ಹುಡುಗಿಯರು ಬಳೆ ಬಿಟ್ಟು ಎಷ್ಟೋ ಕಾಲವಾಯಿತು. ಈ ಮೈದಾನ ಹೊರಗೆ ಹಾಕಿದವರಲ್ಲಿ ನೀನೇ ಮೊದಲಿನವಳು ಎಂದು ಯಾರು ಹೇಳಿದರು? ಹೆದರಬೇಡ, ಅವಳು ನಿನ್ನ ಜಾಗ ಕಾಯುತ್ತಿದ್ದಾಳೆ. ಆದರೆ ಏದುಸಿರು ಬಿಡುತ್ತಿದ್ದಳು, ಯಾವಾಗಿನಿಂದಲೋ ಓಡಿ ದಣಿದವಳ ಹಾಗೆ. ಕಿವಿಯ ಹತ್ತಿರ ಬಾಗಿ ಒಂದೇ ಶಬ್ದ ಹೇಳಿದಳು. ನನ್ನಿಂದ ಏಳಲಾಗಲಿಲ್ಲ. ಅವಳು ಕೊಟ್ಟದ್ದನ್ನು ನಾನೇ ಇಟ್ಟುಕೊಂಡು ಕೂಡುವುದು ಸರಿಯಲ್ಲ, ಅಷ್ಟು ಆಟ ನನಗೂ ಗೊತ್ತು. ಬೆನ್ನು ಇತ್ತ ತಿರುಗಿಸು. ಖೋ.