ಕರಣಿ ಹಿಡಿದು ಹನಿಮೂನಿಗೆ

ಕೊರ್ಲಿಮ್, ಗೋವಾ
ಸೆಪ್ಟೆಂಬರ್ 18, ಗುರುವಾರ

ಪ್ರೀತಿಯ ಅತ್ತೆಯವರಿಗೆ ದ್ರಾಕ್ಷಾಯಿಣಿಯ ನಮಸ್ಕಾರಗಳು.

ನಿಮ್ಮ ಮೊಣಕಾಲು ನೋವು ಹೇಗಿದೆ? ಸುಮಲತಕ್ಕನ ಕೂಸು ನಿಮಗೆ ನಿದ್ದೆ ಮಾಡಲು ಬಿಡುತ್ತದೆಯೇ? ಫೋನಿನಲ್ಲಿ ಕೇಳಿದರೆ "ಎಲ್ಲಾ ಚಲೋ ಐತವ್ವಾ" ಎಂದು ಇಟ್ಟುಬಿಡುತ್ತೀರಿ. ನಿಮ್ಮ ಮಗಳೋ, ಸ್ಪೀಕರ್ ಹಾಕಿ ಅರ್ಧ ಓಣಿಗೆ ಕೇಳಿಸುತ್ತಾಳೆ. ಅದಕ್ಕೇ ಈ ಕಾಗದ. ಒಬ್ಬರೇ ಕೂತು ನಿಧಾನವಾಗಿ ಓದಿ.

ಸುದ್ದಿ ಹೇಳುತ್ತೇನೆ, ನಗಬೇಡಿ. ಮದುವೆಯಾಗಿ ನಾಲ್ಕು ತಿಂಗಳ ಮೇಲೆ ನಾವು ಹನಿಮೂನಿಗೆ ಹೊರಟಿದ್ದೇವೆ. ಊರೂರಿನ ಹೊಸ ಜೋಡಿಗಳು ಗೋವಾಕ್ಕೆ ಬರುತ್ತವೆ, ಗೋವಾದಲ್ಲೇ ಇರುವ ನಾವು ಎಲ್ಲಿಗೆ ಹೋಗಬೇಕು ಎಂದು ನಿಮ್ಮ ಮಗನನ್ನು ಕಾಡಿದ್ದೆ. ಕಾಣಕೋಣದಿಂದಲೂ ಆಚೆ, ದಿನಕ್ಕೆ ಎರಡೇ ಬಸ್ಸು ಹೋಗುವ ಒಂದು ಸಣ್ಣ ಊರು ಸಮುದ್ರದ ದಂಡೆಗಿದೆಯಂತೆ. ಅಲ್ಲಿಯ ಲಾಡ್ಜಿಗೆ ಹೋದ ವರ್ಷ ಟೈಲ್ಸ್ ಹಾಕಿದವರು ಇವರೇ. "ಸಮುದ್ರ ಕಾಣೂ ಖೋಲಿ ಯಾವುದಂತ ನನಗ ಗೊತ್ತೈತಿ. ಆದ್ರ ಅದರಾಗ ಒಂದಿನಾನೂ ಕುಂತಿಲ್ಲ" ಎಂದರು. ಹಾಗಾದರೆ ಅಲ್ಲಿಗೇ ಹೋಗೋಣ ಎಂದೆ.

ಲಾಡ್ಜಿನ ಒಡತಿ ಬಾಡಿಗೆ ಬೇಡ ಎಂದಿದ್ದಾಳೆ. ಬಚ್ಚಲಲ್ಲಿ ನಾಲ್ಕು ಟೈಲ್ಸ್ ಎದ್ದಿವೆ, ಕೂಡಿಸಿಕೊಟ್ಟರೆ ಸಾಕಂತೆ. ಹೋಗುವುದು ಬರುವ ವಾರದ ಶನಿವಾರ. ಇವರು ಇವತ್ತೇ ನನ್ನ ಹೊಸ ಸೀರೆಯ ಪಕ್ಕಕ್ಕೆ ಸಿಮೆಂಟು ಬಳಿಯುವ ಕರಣಿ, ರಬ್ಬರ್ ಸುತ್ತಿಗೆ ಇಟ್ಟು ಚೀಲ ತುಂಬಿದ್ದಾರೆ. ಹನಿಮೂನಿಗೆ ಕರಣಿ ಒಯ್ಯುವ ಗಂಡ ನನಗೇ ಸಿಗಬೇಕೇ? ಮದುವೆಯ ದಿನ ಮಂಟಪದ ನೆಲವನ್ನೇ ಬೆರಳಲ್ಲಿ ತಟ್ಟಿ ಪೊಳ್ಳು ಸಪ್ಪಳ ಕೇಳಿದವರು. ಅಲ್ಲಿಯೂ ಸಮುದ್ರ ಬಿಟ್ಟು ಮೊದಲು ನೆಲ ತಟ್ಟುತ್ತಾರೆ, ನೋಡುತ್ತಿರಿ. ಊಟಕ್ಕೆ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳುತ್ತೇನೆ. ಚಟ್ನಿಗೆ ನಿಮ್ಮ ಕೈರುಚಿ ಇನ್ನೂ ಬಂದಿಲ್ಲ. ಮಡಗಾಂವ್‌ನಲ್ಲಿ ಬಸ್ಸು ಬದಲಿಸಿ ಸಂಜೆಯೊಳಗೆ ಮುಟ್ಟಿದರೆ ಮರಳಿನ ಮೇಲೆ ಸುಮ್ಮನೆ ಕೂರಬೇಕು, ನನಗೆ ಅಷ್ಟೇ ಆಸೆ. ಸೋಮವಾರ ಮಧ್ಯಾಹ್ನ ಮರಳಿ ಬರುತ್ತೇವೆ.

ಸುಮಲತಕ್ಕನಿಗೆ ನನ್ನ ನೆನಪು ಹೇಳಿ, ಕೂಸಿಗೆ ಒಂದು ಮುತ್ತು ಕೊಡಿ.

ನಿಮ್ಮ ಸೊಸೆ
ದ್ರಾಕ್ಷಾಯಿಣಿ

ತಾ.ಕ.: ಟಪಾಲಿಗೆ ಹಾಕಲು ಇವರು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಸುಮಲತಕ್ಕನ ಬಾಣಂತನಕ್ಕೆ "ಹದಿನೈದ ದಿನದಾಗ ಬರತೇನಿ" ಎಂದು ಹೋದವರು ನೀವು, ಮೂರು ತಿಂಗಳಾಯಿತು. ಬಾಣಂತನ ಮುಗಿದು ಬಹಳ ದಿನವಾಯಿತೆಂದು ಅಕ್ಕನೇ ಹೇಳಿದಳು. ನಮ್ಮ ಮನೆಗೆ ಇರುವುದು ಒಂದೇ ಖೋಲಿ, ಅದನ್ನು ನಮಗೆ ಬಿಟ್ಟು ಹೋದಿರಿ. ಹದಿನೈದು ದಿನಕ್ಕೆ ಹೋಗುವವರು ತಾವು ಹೊದೆಯುವ ಕೌದಿ ಸುತ್ತಿಕೊಂಡು ಹೋಗುವುದಿಲ್ಲ ಅತ್ತೆ. ನನಗೆ ಆವತ್ತೇ ತಿಳಿದಿತ್ತು. ತಿಳಿದೂ ಸುಮ್ಮನಿದ್ದೆ, ಅದಕ್ಕೆ ನಾಚಿಕೆಯಾಗಿದೆ. ಇಬ್ಬರೇ ಇರಲು ನಮಗೆ ಆ ಎರಡು ದಿನ ಸಾಕು. ಬೀಗದ ಕೈಯನ್ನು ಪಕ್ಕದ ಮನೆಯ ನೂರಜಹಾನಕ್ಕನ ಹತ್ತಿರ ಇಟ್ಟು ಹೋಗುತ್ತೇವೆ. ಸೋಮವಾರ ನಾವು ಬಂದಾಗ ಬಾಗಿಲು ತೆರೆದಿರಲಿ. ಕೌದಿ ಅಲ್ಲಿ ಬಿಟ್ಟು ಬರಬೇಡಿ.