ಒಂಬತ್ತರ ಬಾಲ

ತೋಟದ ಮನೆ
ಜನವರಿ ೧೯, ಗುರುವಾರ (ಇದು ಒಂಬತ್ತೇ, ಎರಡು ಸಲ ನೋಡಿದ್ದೇನೆ)

ಪ್ರೀತಿಯ ಅತ್ತೆ,

ಮಂಡಿನೋವು ಹೇಗಿದೆ? ನಿಮ್ಮ ತಂಗಿಯವರ ಮನೆಯಲ್ಲಿ ಮೆಟ್ಟಿಲು ಜಾಸ್ತಿಯಂತೆ, ಸುಮ್ಮನೆ ಹತ್ತಿ ಇಳಿಯಬೇಡಿ. ನಾವು ಚೆನ್ನಾಗಿದ್ದೇವೆ. ಮದುವೆಯಾಗಿ ಎರಡು ತಿಂಗಳಾದರೂ ನಿಮ್ಮ ಮಗ ಬೂಟು ಹೊರಗೆ ಬಿಟ್ಟು ಬರುವುದನ್ನು ಕಲಿತಿಲ್ಲ. ಆದರೂ ಅವರ ಕೆಸರುಹೆಜ್ಜೆ ಒರೆಸುವಾಗ ನನಗೆ ನಗುವೇ ಬರುತ್ತದೆ. ಅವರಿಗೆ ಹೇಳಬೇಡಿ.

ಈಗ ಸುದ್ದಿ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ. ಅವತ್ತು ಗೋದಾಮಿನಲ್ಲಿ ನಾನು ನೀವು ಒಣಗಿಸಿದ ಒಂಬತ್ತನೇ ನಂಬರಿನ ಕಾಫಿ ಚೀಲಗಳಿಗೆ ೬ ಎಂದೂ ಚಿಕ್ಕಮಾವನ ಆರನೇ ನಂಬರಿನವಕ್ಕೆ ೯ ಎಂದೂ ಚೀಟಿ ಕಟ್ಟಿದೆನಲ್ಲ, ನೀವು ಮೂಸಿ ನೋಡಿ ಹತ್ತೇ ನಿಮಿಷದಲ್ಲಿ ಸರಿ ಮಾಡಿದಿರಿ. ಒಂದು ಬೀಜವೂ ಆಚೀಚೆ ಆಗಲಿಲ್ಲ. ಆದರೂ ಚಿಕ್ಕಮಾವ ಕೆಲಸದವರೆಲ್ಲರ ಮುಂದೆ, "ಕಾನ್ವೆಂಟು ಸೊಸೆಗೆ ಅಂಕಿ ಬರಲ್ಲ, ಅತ್ತಿಗೆಗೆ ಸೊಸೆ ಆರಿಸೋಕೆ ಬರಲ್ಲ, ಇಂಥವರ ಕೈಗೆ ಕಣ ಕೊಟ್ರೆ ಉದ್ಧಾರ ಆದಂಗೆ" ಎಂದು ಒಣಗಿಸುವ ಕಣದ ಬೀಗದ ಕೈ ಇಸಿದುಕೊಂಡರು. ಇಪ್ಪತ್ತು ವರ್ಷ ನೀವು ಕೈಯಾಡಿಸಿದ ಕಣ. ನೀವು ಪೆಟ್ಟಿಗೆ ಕಟ್ಟಿಕೊಂಡು ತಂಗಿಯ ಮನೆಗೆ ಹೋದಿರಿ. ನಾನು ಬಚ್ಚಲಲ್ಲಿ ಕೂತು ಅತ್ತೆ, ಅತ್ತೆ. ಅತ್ತು ಮುಗಿದ ಮೇಲೆ ಹಲ್ಲು ಕಚ್ಚಿಕೊಂಡು ಹಳೆಯ ಕ್ಯಾಲೆಂಡರಿನ ಹಿಂದೆ ಹತ್ತು ದಿನ ಕನ್ನಡ ಅಂಕಿ ತಿದ್ದಿದೆ. ಯಾವುದರ ಬಾಲ ಯಾವ ಕಡೆ ತಿರುಗುತ್ತದೆ ಎಂದು ಈಗ ನಿದ್ದೆಗಣ್ಣಿನಲ್ಲೂ ಬರೆಯಬಲ್ಲೆ. ಇದು ನಿಮ್ಮ ಮಗನನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ನಿನ್ನೆ ಆ ಕಾಫಿ ಹುರಿಯುವ ಮೇಡಂ ರುಚಿ ನೋಡಲು ಬಂದರು. ನಮ್ಮ ಆರು, ಒಂಬತ್ತು ಎರಡರಲ್ಲಿ ಒಂದನ್ನೇ ಆರಿಸಿ ತೋಟದ ಹೆಸರಿನಲ್ಲಿ ಮಾರುತ್ತಾರೆ, ಅದನ್ನು ಒಣಗಿಸಿದ ಕೈಯೇ ಮುಂದೆಯೂ ಒಣಗಿಸಬೇಕು ಎಂಬುದು ಅವರ ಷರತ್ತು. ಚಿಕ್ಕಮಾವ ಬರುವ ಮೊದಲೇ ಮೇಡಂ ತಾವೇ ಚೀಲಗಳಿಂದ ಬೀಜ ತೆಗೆದು, ಹುರಿದು, ಒಂಬತ್ತನೇ ನಂಬರಿನ ಕಪ್ಪಿನ ತಳಕ್ಕೆ ಕೆಂಪು ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿದರು. ಎದುರಿಗೆ ಚೀಟಿ ಬರೆದಿಟ್ಟವಳು ನಾನು. ಸರಿಯಾಗಿಯೇ ಬರೆದೆ. ಚಿಕ್ಕಮಾವ ಒಳಗೆ ಬಂದ ಕೂಡಲೇ ಮಾತ್ರ ಪೆನ್ನು ಕಚ್ಚಿ, ಚೀಟಿಗಳನ್ನು ತಿರುಗಿಸಿ ಮುರುಗಿಸಿ, ಕಂಗಾಲಾದವಳಂತೆ ನಿಂತೆ. ಅವರ ಮೀಸೆಯಡಿ ನಗು ಹರಿಯಿತು.

ಒಂಬತ್ತನ್ನು ಸೊರ್ರೆಂದು ಹೀರಿ ಕಣ್ಣು ಮುಚ್ಚಿದರು. "ಮೇಡಂ, ಚೀಟಿ ನಂಬಬೇಡಿ. ನಮ್ಮ ಹುಡುಗಿ ಆರನ್ನ ಒಂಬತ್ತು ಮಾಡ್ತಾಳೆ. ಇದು ನಂದು. ಕಿತ್ತಳೆ ಸಿಪ್ಪೆ, ಜೇನು, ಎಲ್ಲಾ ಇದೆ ನೋಡಿ. ನನ್ನ ಕಾಫಿ ನನ್ನ ನಾಲಿಗೆಗೆ ಗೊತ್ತಾಗಲ್ವಾ?" ಯಂತ್ರದಲ್ಲಿ ಮೂರೇ ದಿನಕ್ಕೆ ಒಣಗಿಸಿದ ತಮ್ಮದೇ ಆರನ್ನು ಕುಡಿದು, "ಗೋಣಿ ನೆನೆಸಿದ ನೀರು. ಇದು ನಮ್ಮತ್ತಿಗೇದು" ಎಂದು ಉಗಿದರು. ನಾನು ತಲೆ ತಗ್ಗಿಸಿ, "ಖಂಡಿತಾನಾ ಚಿಕ್ಕಮಾವ?" ಎಂದೆ. "ಬರೆದು ಕೊಡ್ಲೇನಮ್ಮ?" ಎಂದರು. ಬರೆಸಿಕೊಂಡೆ, ಅತ್ತೆ, ಸಹಿ ಸಮೇತ. ಆಮೇಲೆ ಮೇಡಂ ಅವರು ತಮ್ಮದೆಂದ ಕಪ್ಪನ್ನೇ ಎತ್ತಿ ತಳದ ಕೆಂಪು ಗುರುತು ತೋರಿಸಿದರು. ನಿಮ್ಮ ಮಗ ಕೆಮ್ಮಿನ ನೆಪದಲ್ಲಿ ಹೊರಗೆ ಓಡಿದರು. ಹಣ್ಣು ಆರಿಸುವ ಹೆಂಗಸರು ಕಿಟಕಿಯಲ್ಲಿ ಸಾಲಾಗಿ ನಿಂತಿದ್ದರು, ನಾನೇ ಕರೆದಿದ್ದೆ.

ಆ ಹಾಳೆಯನ್ನು ಗೋದಾಮಿನ ಬಾಗಿಲಿಗೆ ಅಂಟಿಸಿದ್ದೇನೆ. ಬೆಳಗಿನಿಂದ ಚಿಕ್ಕಮಾವ ಮೂರು ಸಲ "ಸಾಕು ತೆಗಿಯಮ್ಮ" ಎಂದರು. ಅತ್ತೆ ಬಂದು ಓದಲಿ, ಆಮೇಲೆ ನೋಡೋಣ ಎಂದಿದ್ದೇನೆ. ಇಷ್ಟೊಂದು ಖುಷಿಪಡುವುದು ತಪ್ಪೇನೋ. ಇರಲಿ, ತಪ್ಪು ಮಾಡುವುದು ನನಗೆ ಅಭ್ಯಾಸ ತಾನೇ.

ನಿಮ್ಮ ತಂಗಿಯವರಿಗೆ ನಮಸ್ಕಾರ, ನಿಮ್ಮ ಮಂಡಿಗೆ ನನ್ನ ಮುತ್ತು.

ನಿಮ್ಮ
ಕಾನ್ವೆಂಟು ಸೊಸೆ

ತಾ.ಕ.: ಬಸ್ಸಿನವನು ಕಾಗದಕ್ಕೆ ಕಾಯುತ್ತಿದ್ದಾನೆ. ಮೇಡಂ ನಿಮ್ಮ ಒಂಬತ್ತನ್ನೇ ಆರಿಸಿದರು, ಬೀಗದ ಕೈ ಈಗ ನನ್ನ ಹತ್ತಿರವಿದೆ. ಸೋಮವಾರ ಎರಡನೇ ಕೊಯ್ಲಿನ ಹಣ್ಣು ಬರುತ್ತದೆ, ಕಣದ ಬಾಗಿಲು ನೀವೇ ತೆಗೆಯಬೇಕು. ಭಾನುವಾರ ಬನ್ನಿ. ಬಸ್ಸಿನ ಹತ್ತಿರ ನಿಮ್ಮ ಮಗ ಬರುವುದಿಲ್ಲ. ನಿಮ್ಮ ಪೆಟ್ಟಿಗೆಯನ್ನು ಮನೆಯತನಕ ಹೊತ್ತು ತಂದರೆ ಹಾಳೆ ಕೀಳುತ್ತೇನೆ ಎಂದು ಚಿಕ್ಕಮಾವನನ್ನು ಒಪ್ಪಿಸಿದ್ದೇನೆ. ನಿಮ್ಮ ತಂಗಿಯವರ ಹಳೆಯ ಕಬ್ಬಿಣದ ಇಸ್ತ್ರಿಪೆಟ್ಟಿಗೆ ಇದ್ದರೆ ಮರೆಯದೆ ನಿಮ್ಮ ಪೆಟ್ಟಿಗೆಯೊಳಗೆ ಹಾಕಿಕೊಳ್ಳಿ. ಎರಡಿದ್ದರೆ ಎರಡೂ.