ಮಗ್ಗದ ಹುಡುಗಿ

ಮಾರ್ಚ್ 3, ಸೋಮವಾರ

ಆಲ್ಬಮ್ ಒರೆಸಿದೆ. ಹಳೆ ನೋಟುಗಳಿಗೆ ಧೂಳು ಆಗದು. ಹತ್ತರ ನೋಟಿನ ಹಿಂಬದಿ, ಮಗ್ಗದ ಮುಂದೆ ಸ್ಟೂಲಿನ ಮೇಲೆ ಕೂತ ಹುಡುಗಿ. ನೋಟು ಮುದ್ರಣಾಲಯದಲ್ಲಿದ್ದ, ಈಗ ಸತ್ತಿರುವ ನನ್ನ ತಮ್ಮ ಕೆತ್ತಿದ ಅಚ್ಚು. ಮುಖ ಬೇಕಾದಾಗ ಅಲ್ಲಿನ ಕೆತ್ತನೆಯವರಿಗೆ ಮನೆಯವರೇ ಗತಿ. ನನ್ನ ಮಗಳನ್ನು ಕೂರಿಸಿ ಬರೆದುಕೊಂಡಿದ್ದ. ಈಗ ಅವಳು ಆಸ್ಪತ್ರೆಯಲ್ಲಿ ನರ್ಸು. ದೇಶವೆಲ್ಲ ಜೇಬಿನಲ್ಲಿಟ್ಟುಕೊಂಡು ತಿರುಗುತ್ತದೆ, ಒಬ್ಬನಿಗೂ ಗೊತ್ತಿಲ್ಲ! ಭಾನುವಾರ ನೋಟು ಸಂಗ್ರಹಕಾರರ ಸಂಘದ ಪ್ರದರ್ಶನ. ಈ ಸಲ ಚೀಟಿ ಬರೆದು ಅಂಟಿಸುವವನೇ.

ಮಾರ್ಚ್ 5

ಗಿರಣಿ ಮುಷ್ಕರದವರು ಗೋಡೆಗಳಿಗೆಲ್ಲ ನೋಟಿನ ಹುಡುಗಿಯ ಚಿತ್ರ ಮೆತ್ತಿದ್ದಾರೆ. ಕೆಳಗೆ, 'ಇವಳು ಎದ್ದಳು'. ಮಗಳಿಗೆ ನಗು.

"ಎಲ್ಲಪ್ಪಾ ಎದ್ದೆ? ಡ್ಯೂಟಿ ಮುಗ್ಸಿ ಕಾಲು ನೀಡ್ಕೊಂಡು ಕೂತಿದೀನಿ!"

ಮಾರ್ಚ್ 9, ಭಾನುವಾರ

ಮೊದಲ ಬಹುಮಾನ. ಒಂದು ಫ್ಲಾಸ್ಕ್. ಚೀಟಿ ಓದಿ ಬ್ಯಾಂಕಿನ ಕ್ಯಾಷಿಯರ್ ಕಿವಿ ಹತ್ತಿರ ಬಂದ. "ಯಜಮಾನ್ರೇ, ಊರ್ ತುಂಬ ಇದೇ ಮುಖ. 'ನನ್ನ ಮಗಳು' ಅಂತ ಬರೀಬೇಕಿತ್ತಾ?"

"ಹೊಟ್ಟೆಕಿಚ್ಚು ಕಣಯ್ಯಾ ನಿಂಗೆ."

ಬೂದು ಅಂಗಿಯವನೊಬ್ಬ ಬಂದಿದ್ದ. ಸಂಘದವನಲ್ಲ. ನೋಟು ನೋಡಲೇ ಇಲ್ಲ, ಚೀಟಿಯನ್ನೇ ನೋಡಿದ. ಮಗಳು ಎಲ್ಲಿ ಕೆಲಸ ಅಂತ ಕೇಳಿದ. ಹೇಳಿದೆ. ವಾರ್ಡು ಸಮೇತ.

ಮಾರ್ಚ್ 12

ಪೋಸ್ಟರ್ ಕೆರೆದಿದ್ದಾರೆ. ಪೂರ್ತಿ ಅಲ್ಲ... ಮುಖ ಮಾತ್ರ. ಮಗ್ಗ ಹಾಗೇ ಇದೆ.

ಮಾರ್ಚ್ 20

ಬೂದು ಅಂಗಿ ಮನೆಗೇ ಬಂದ. ಗೋಡೆಯ ಮೇಲಿನ ಮಗಳ ಫೋಟೋಗಳನ್ನೆಲ್ಲ ಇಳಿಸಿ ಚೀಲಕ್ಕೆ ಹಾಕಿಕೊಂಡ. ನನ್ನ ಹೆಂಡತಿಯನ್ನು "ಅಮ್ಮಾ" ಅಂತ ಕರೆದು ನೀರು ಕೇಳಿ ಕುಡಿದ. ಮಗಳೇ ಮುಷ್ಕರದವರಿಗೆ ಚಿತ್ರ ಕೊಟ್ಟಳಂತೆ!

"ಹತ್ತರ ನೋಟು ಇರೋರ ಹತ್ರ ಎಲ್ಲ ಈ ಚಿತ್ರ ಇದೆ. ಎಲ್ರನ್ನೂ ಹಿಡೀತೀಯೇನಯ್ಯಾ?"

ನಕ್ಕ. "ಮುಖ ಒಂದೇ ತಾನೇ, ಯಜಮಾನ್ರೇ?"

ಆಲ್ಬಮ್ ಅಕ್ಕಿ ಡಬ್ಬಿಯಲ್ಲಿತ್ತು, ಅವನಿಗೆ ಸಿಗಲಿಲ್ಲ. ಸೋದರತ್ತೆ ಮನೆಗೆ ಹೋಗಿರು ಅಂತ ಇವಳು ಮಗಳಿಗೆ ಅಂಗಲಾಚಿದಳು. ಕಳ್ಳರ ಹಾಗೆ ಯಾಕೆ ಓಡಬೇಕು ಅಂತ ನಾನೇ ಗದರಿದೆ. ಮಗಳು ನನ್ನ ಮಾತೇ ಕೇಳಿದಳು.

ಜುಲೈ 14, ಮಧ್ಯಾಹ್ನ

ನಾಲ್ಕು ತಿಂಗಳು ಏನೂ ಆಗಲಿಲ್ಲ. ಎದುರಿನ ಚಹಾ ಅಂಗಡಿಯಲ್ಲಿ ದಿನಾ ಒಬ್ಬ ಕೂರುತ್ತಿದ್ದ. ಇವತ್ತು ಆ ಕುರ್ಚಿ ಖಾಲಿ. ಪೀಡೆ ತೊಲಗಿತು ಅಂದುಕೊಂಡೆ.

ಕ್ಯಾಷಿಯರ್ ಹೊಸ ಹತ್ತರ ನೋಟು ತಂದ. ಹೊಸ ಸರಣಿ ಬಂದರೆ ಮೊದಲು ನನಗೇ ತರುವುದು ವಾಡಿಕೆ. ಕೂರಲಿಲ್ಲ. ತಮಾಷೆ ಇಲ್ಲ. ಕೈಗಿಟ್ಟು ಚಪ್ಪಲಿ ಮೆಟ್ಟಿಕೊಂಡ.

ಹಿಂಬದಿ ತಿರುಗಿಸಿದೆ. ಮಗ್ಗ ಇದೆ. ನೂಲಿದೆ. ಸ್ಟೂಲ್ ಖಾಲಿ.

ಸಂಜೆ

ಎರಡಕ್ಕೆ ಬರಬೇಕಾದವಳು ಬಂದಿಲ್ಲ. ಆಸ್ಪತ್ರೆಗೆ ಫೋನ್ ಮಾಡಿದೆ. ಆ ಹೆಸರಿನ ನರ್ಸು ಇಲ್ಲಿ ಯಾವತ್ತೂ ಇರಲಿಲ್ಲ ಎಂದರು. ಬಾಯಿಗೆ ಬಂದಂತೆ ಬೈದೆ. ಇಟ್ಟುಬಿಟ್ಟರು.

ಇವಳು ಕಿಟಕಿ ಬಿಟ್ಟು ಕದಲುತ್ತಿಲ್ಲ. ನನ್ನ ಕಡೆ ತಿರುಗುತ್ತಲೂ ಇಲ್ಲ.

ಅಂಗಿ ಹಾಕಿಕೊಂಡೆ. ಆಸ್ಪತ್ರೆಗೆ ಹೊರಟೆ. ಜನರಿಗೆ ತೋರಿಸಿ ಕೇಳಲು ಫೋಟೋ ಒಂದೂ ಉಳಿದಿಲ್ಲ. ಆಲ್ಬಮ್ಮಿನಿಂದ ಹಳೆ ನೋಟು ಕಿತ್ತು ಜೇಬಿಗಿಟ್ಟೆ. ಗೇಟಿನವನ ಮುಂದೆ ಹಿಡಿದು ಕೇಳುತ್ತೇನೆ — ಇವಳನ್ನು...